ಓಟಕ್ಕೆ ಮೊದಲು ಮೈ ನೋಡಿಕೊಳ್ಳಿ: ಮಿಲ್ಟ್ರಿ ಮೆಡಿಕಲ್‌ಗೆ ಹೊರಟ ಮಲೆನಾಡಿನ ಮಕ್ಕಳಿಗೆ 15 ಸೂತ್ರಗಳು

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದರೆ ಹೊನ್ನೆಮರಡಿನ ಸುತ್ತ ಕೆಂಪು ನೆಲ ಬಯಲಾಗುತ್ತದೆ. ಓಡುವ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಮೈದಾನ ಬೇಕಿಲ್ಲ. ಅಗ್ನಿವೀರ ರ್ಯಾಲಿಯಲ್ಲಿ 1.6 ಕಿ.ಮೀ. ದೂರವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಕಂಬಿಗೆ ಜೋತು ಹತ್ತು ಸಲ ಮೈ ಎತ್ತಿದರೆ ಪೂರ್ತಿ 40. ಸಾಗರ, ಹೊಸನಗರ, ತೀರ್ಥಹಳ್ಳಿಯ ಗುಡ್ಡ ಹತ್ತಿಳಿದು ಬೆಳೆದವರಿಗೆ ಇದು ದೊಡ್ಡ ಮಾತಲ್ಲ. ಎಡವುವುದು ಮುಂದಿನ ಬಾಗಿಲಲ್ಲಿ. ಮೆಡಿಕಲ್‌ನ ತೀರ್ಪಿನಲ್ಲಿ ಅಂಕಗಳಿಲ್ಲ, ಎರಡೇ ಮಾತು: ಫಿಟ್ ಅಥವಾ ಅನ್‌ಫಿಟ್. ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗ ಸೋರುವ ಕಿವಿಗೋ ಹುಳುಕು ಹಲ್ಲಿಗೋ ವಾಪಸು ಬರುವುದು ನನಗೆ ತಡೆಯಲಾರದ ಸಂಕಟ. ಅವುಗಳಲ್ಲಿ ಎಷ್ಟೋ ತೊಂದರೆಗಳು ಮನೆಯವರಿಗೆ ಮೊದಲೇ ಗೊತ್ತಿರುತ್ತವೆ. ಕೆಲವು ವಾಸಿಯಾಗುವಂಥವು, ಕೆಲವು ಆಗದಂಥವು. ಯಾವುದು ಯಾವುದೆಂದು ಓಟ ಶುರುಮಾಡುವ ಮೊದಲೇ ತಿಳಿಯಬೇಕು.

1. ಒಂದು ವರ್ಷ ಮೊದಲು ಆಸ್ಪತ್ರೆಗೆ ಹೋಗಿ

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದಾಗ ಗೊತ್ತುಮಾಡಿದ ವಯಸ್ಸು ಹದಿನೇಳೂವರೆಯಿಂದ 21. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಹೇಗೆ ಲೆಕ್ಕ ಹಾಕಿದರೂ ಕೈಗೆ ಸಿಗುವುದು ಮೂರು ನಾಲ್ಕು ಅವಕಾಶ. ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಪಾಸಾದವರಿಗೆ ರ್ಯಾಲಿ, ಅದರಲ್ಲಿ ಗೆದ್ದವರಿಗೆ ಮೆಡಿಕಲ್. ಮೆಡಿಕಲ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಆಪರೇಷನ್ ಮಾಡಿಸಿಕೊಂಡು, ಗಾಯ ಮಾಗಿ, ಮತ್ತೆ ಮೊದಲಿನಿಂದ ಎಲ್ಲ ಬರೆದು ಓಡುವಷ್ಟರಲ್ಲಿ ವಯಸ್ಸು ಮೀರಿರುತ್ತದೆ. ಅದಕ್ಕೇ ಪಿಯುಸಿ ಮೊದಲ ವರ್ಷದಲ್ಲೇ ಸಾಗರದ ಸರ್ಕಾರಿ ಆಸ್ಪತ್ರೆಗೆ, ಬೇಕಾದರೆ ಶಿವಮೊಗ್ಗದ ಮೆಗ್ಗಾನ್‌ಗೆ ಒಂದು ಸಲ ಹೋಗಿ ಬನ್ನಿ. ಕಣ್ಣು, ಕಿವಿ, ಹಲ್ಲು, ಮೂಳೆ, ಸರ್ಜರಿ, ಹೀಗೆ ಐದು ವಿಭಾಗದ ಚೀಟಿ. ತುಮರಿ ಕಡೆಯವರಿಗೆ ಲಾಂಚಿಗೆ ಕಾಯುವ ನೆಪವೂ ಈಗ ಇಲ್ಲ, 2025ರ ಜುಲೈನಿಂದ ಸಿಗಂದೂರು ಸೇತುವೆ ಇದೆ.

2. ಅಳತೆ ಟೇಪು ಹಿಡಿಯಿರಿ

ಕರ್ನಾಟಕದ ಹುಡುಗರಿಗೆ ಅಗ್ನಿವೀರ ಜನರಲ್ ಡ್ಯೂಟಿಗೆ 166 ಸೆಂ.ಮೀ. ಎತ್ತರ ಬೇಕು. ಕ್ಲರ್ಕ್, ಸ್ಟೋರ್ ಕೀಪರ್‌ಗೆ 162 ಸಾಕು. ಹುಡುಗಿಯರು ಸೇರುವ ಮಿಲಿಟರಿ ಪೊಲೀಸ್ ದಳಕ್ಕೂ 162. ಹುಡುಗರ ಎದೆ 77 ಸೆಂ.ಮೀ. ಇದ್ದು, ಉಸಿರು ಎಳೆದಾಗ ಇನ್ನೂ 5 ಹಿಗ್ಗಬೇಕು. 163ಕ್ಕೆ ನಿಂತ ಹುಡುಗ ಜನರಲ್ ಡ್ಯೂಟಿಗೆ ಅರ್ಜಿ ಹಾಕಿ ವರ್ಷ ಕಳೆಯುವ ಬದಲು ಟೈಪಿಂಗ್ ಕಲಿಯಲಿ. ಎದೆಯ ಹಿಗ್ಗು ಮಾತ್ರ ಅಭ್ಯಾಸದಿಂದ ಬರುತ್ತದೆ, ಅದಕ್ಕೆ ಈಜಿಗಿಂತ ಒಳ್ಳೆಯ ಅಭ್ಯಾಸ ನಾ ಕಾಣೆ. ಹಿನ್ನೀರಿನ ಊರಿನವರಿಗೆ ಅದು ಮನೆಬಾಗಿಲಲ್ಲೇ ಇದೆ. ಆದರೆ ಗೊತ್ತಿರುವವರ ಜೊತೆಯಲ್ಲಿ, ಲೈಫ್ ಜಾಕೆಟ್ ತೊಟ್ಟೇ ನೀರಿಗಿಳಿಯಿರಿ. ಮುಳುಗಿದ ಗದ್ದೆ, ಕಾಡು, ಮರದ ಬೊಡ್ಡೆಗಳ ಮೇಲೆ ನಿಂತ ನೀರು ಅದು.

3. ಮೂರು ಬೆರಳು ಬಾಯಲ್ಲಿ ಹಿಡಿಸಿ ನೋಡಿ

ಮಲೆನಾಡಿಗೆ ಬೇರೆಲ್ಲಕ್ಕಿಂತ ಮುಖ್ಯವಾದ ಸೂತ್ರ ಇದೇ ಎನ್ನುತ್ತೇನೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನೆಟ್ಟಗೆ ನಿಲ್ಲಿಸಿ. ಸಲೀಸಾಗಿ ಹಿಡಿಸಬೇಕು. ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲಿನ ಅಂಚುಗಳ ನಡುವೆ 30 ಮಿ.ಮೀ.ಗಿಂತ ಕಡಿಮೆ ಬಾಯಿ ತೆರೆದರೆ ಸೇನೆಯ ನಿಯಮದಲ್ಲಿ ಅನ್‌ಫಿಟ್. ಎಳೆಯ ವಯಸ್ಸಿನಲ್ಲಿ ಬಾಯಿ ಹೀಗೆ ಬಿಗಿಯುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಅಡಿಕೆ ಮತ್ತು ಗುಟ್ಕಾ. ಕೆನ್ನೆಯ ಒಳಪದರ ನಾರುಗಟ್ಟಿ ಬೆಳ್ಳಗಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ ಇದು. ಒಮ್ಮೆ ನಾರುಗಟ್ಟಿದ ಪದರ ಮತ್ತೆ ಮೊದಲಿನಂತಾಗುವುದು ಬಲು ಕಷ್ಟ.

ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ, ಆ ಋಣ ನನಗೂ ಇದೆ. ಆದರೆ ಸುಲಿಯುವ ಚಪ್ಪರದಲ್ಲಿ ಕೂತು ಹೈಸ್ಕೂಲು ಹುಡುಗ ಚೂರು ಚೂರೇ ಬಾಯಿಗೆ ಹಾಕುವುದನ್ನು ಹಿರಿಯರು ನೋಡಿಯೂ ಸುಮ್ಮನಿರುವುದು ಸರಿಯಲ್ಲ. ಪೇಟೆಯಲ್ಲಿ ಐದು ರೂಪಾಯಿಯ ಪೊಟ್ಟಣ ಹರಿಯುವುದನ್ನಂತೂ ಬಿಡಿಸಲೇಬೇಕು. ಖಾರಕ್ಕೆ ಬಾಯಿ ಉರಿಯತೊಡಗಿದ ದಿನವೇ ಬಿಟ್ಟು ದಂತವೈದ್ಯರ ಹತ್ತಿರ ಹೋದರೆ ಕಾಯಿಲೆ ಅಲ್ಲಿಗೇ ನಿಲ್ಲುವ ಆಸೆಯಿದೆ.

4. ಹಲ್ಲಿಗೆ 14 ಅಂಕ

ಮೇಲೆ ಕೆಳಗೆ ಎದುರುಬದುರು ಕೂಡುವ ಹಲ್ಲಿಗೆ ಸೇನೆಯಲ್ಲಿ ಅಂಕ. ದವಡೆ ಹಲ್ಲಿನ ಜೋಡಿಗೆ ಎರಡು, ಉಳಿದ ಜೋಡಿಗೆ ಒಂದು. 32 ಹಲ್ಲೂ ಸರಿಯಿದ್ದರೆ 22, ಕನಿಷ್ಠ 14 ಬೇಕು. ನೋವು ಬಂದಾಗಲೆಲ್ಲ ಹಲ್ಲು ಕೀಳಿಸುವ ರೂಢಿ ಬಿಟ್ಟು ತುಂಬಿಸಿಕೊಳ್ಳಿ.

5. ಕಿವಿಯನ್ನು ಕಡ್ಡಿಗೆ ಒಪ್ಪಿಸಬೇಡಿ

ಆರು ತಿಂಗಳು ನೆಗಡಿ, ವರ್ಷವಿಡೀ ಕೆರೆ, ಹೊಳೆ, ಹಿನ್ನೀರಿನ ಈಜು. ನಮ್ಮ ಮಕ್ಕಳ ಕಿವಿ ಸೋರುವುದಕ್ಕೆ ಇಷ್ಟು ಸಾಕು. ‘ದೊಡ್ಡವನಾದ ಮೇಲೆ ತಾನಾಗಿ ಹೋಗುತ್ತದೆ’ ಎಂದು ಬಿಟ್ಟ ಕಿವಿಯಲ್ಲಿ ತಮಟೆ ತೂತಾಗಿ ಉಳಿಯುತ್ತದೆ. ತೂತಿನ ತಮಟೆ, ಸೋರುವ ಕಿವಿ ಎರಡೂ ಅನ್‌ಫಿಟ್. ಗದ್ದಲದಲ್ಲಿ ಆಜ್ಞೆ ಕೇಳಿಸದ ಸೈನಿಕನಿಗೂ ಅವನ ಪಕ್ಕದವನಿಗೂ ಅಪಾಯ.

ಕೇಳುವ ಶಕ್ತಿಯನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಸೇನೆಯ ಪಿಸುಮಾತಿನ ಪರೀಕ್ಷೆಯ ದೂರ 610 ಸೆಂ.ಮೀ., ಅಂದರೆ ಇಪ್ಪತ್ತು ಅಡಿ. ಜಗಲಿಯ ಒಂದು ತುದಿಯಲ್ಲಿ ಬೆನ್ನು ಹಾಕಿ ನಿಂತು ಒಂದು ಕಿವಿ ಮುಚ್ಚಿಕೊಳ್ಳಿ. ಇಪ್ಪತ್ತಡಿ ಆಚೆಯಿಂದ ಅಕ್ಕನೋ ಅಮ್ಮನೋ ಒತ್ತಿ ಪಿಸುಗುಟ್ಟಿದ ಮಾತನ್ನು ತಿರುಗಿ ಹೇಳಿ. ಆಮೇಲೆ ಇನ್ನೊಂದು ಕಿವಿ. ಸಂಶಯ ಬಂದರೆ ಕಿವಿ ವೈದ್ಯರಿಗೆ ತೋರಿಸಿ. ತಮಟೆಗೆ ತೇಪೆ ಹಾಕುವ ಆಪರೇಷನ್ ಇದೆ. ಅದು ಕೂಡಿಕೊಂಡು ಕೇಳುವಿಕೆ ಸರಿಯಾಗಲು ತಿಂಗಳುಗಳು ಬೇಕು, ಆಮೇಲೂ ತೀರ್ಪು ಸೇನೆಯ ವೈದ್ಯರದ್ದೇ. ಕೊಬ್ಬರಿ ಎಣ್ಣೆ ಬಿಡುವುದು, ಬೆಂಕಿಕಡ್ಡಿ ಆಡಿಸುವುದು, ಸಂತೆಯಲ್ಲಿ ಕಿವಿ ತೋಡಿಸುವುದು ಇಂದೇ ನಿಲ್ಲಲಿ. ಬರೀ ಗುಗ್ಗೆ ಗಟ್ಟಿಯಾಗಿದ್ದರೆ ಡಾಕ್ಟರು ಹತ್ತು ನಿಮಿಷದಲ್ಲಿ ತೆಗೆಯುತ್ತಾರೆ. ಗುಗ್ಗೆ ತುಂಬಿಕೊಂಡು ಹೋದರೆ ತಮಟೆ ಕಾಣದೆ ಅಲ್ಲೇ ತಡೆ ಬೀಳುತ್ತದೆ.

6. ಒದ್ದೆ ಕಾಲಿನ ಗುರುತು, ಕೂಡಿಸಿದ ಮಂಡಿ

ಕಾಲು ತೊಳೆದು ಒಣಗಿದ ಸಿಮೆಂಟು ಅಂಗಳದಲ್ಲಿ ಹೆಜ್ಜೆಯಿಡಿ. ಅಂಗಾಲಿನ ಒಳಬದಿಯ ಬಾಗು ಕಾಣದೆ ಇಡೀ ಪಾದ ಮೂಡಿದರೆ ಚಪ್ಪಟೆ ಪಾದ. ತಕ್ಷಣ ಎದೆಗುಂದಬೇಡಿ. ತುದಿಗಾಲಲ್ಲಿ ನಿಂತಾಗ ಬಾಗು ಮತ್ತೆ ಮೂಡಿ, ಪಾದ ಬಳುಕುತ್ತಿದ್ದು, ನೋವಿಲ್ಲದಿದ್ದರೆ ಅಂಥ ಪಾದವನ್ನು ಒಪ್ಪುವುದುಂಟು. ಬಾಗು ಮೂಡದೆ ಬಿರುಸಾಗಿ ನಿಂತ ಪಾದಕ್ಕೆ ಅವಕಾಶವಿಲ್ಲ.

ನೆಟ್ಟಗೆ ನಿಂತು ಎರಡೂ ಮಂಡಿ ತಾಗಿಸಿ. ಕಣಕಾಲಿನ ಒಳಗಂಟುಗಳ ನಡುವಿನ ಅಂತರ ಹುಡುಗರಲ್ಲಿ 5 ಸೆಂ.ಮೀ. ಮೀರಿದರೆ ತೊಡಕು. ಕೈ ಚಾಚಿದಾಗ ಮೊಣಕೈ ಹೊರಕ್ಕೆ ಹೊರಳುವ ಕೋನಕ್ಕೂ ಮಿತಿಯಿದೆ, ಗಂಡಸರಿಗೆ 15 ಡಿಗ್ರಿ, ಹೆಂಗಸರಿಗೆ 18. ತಿಂಗಳಲ್ಲಿ ಮಂಡಿ ದೂರ ಮಾಡುತ್ತೇವೆ ಎನ್ನುವ ಮೊಬೈಲ್ ವಿಡಿಯೊಗಳನ್ನು ನಂಬಬೇಡಿ. ತೊಡೆಯ ಸ್ನಾಯು ಬೆಳೆದರೆ ನಿಲುವು ಕೊಂಚ ಸುಧಾರಿಸೀತು, ಬೆಳವಣಿಗೆ ನಿಂತ ಮೂಳೆ ವ್ಯಾಯಾಮದಿಂದ ತಿರುಗುವುದಿಲ್ಲ. ಮಗು ಚಿಕ್ಕದಿದ್ದಾಗಲೇ ಮೂಳೆ ವೈದ್ಯರಿಗೆ ತೋರಿಸಿದ್ದರೆ ದಾರಿಯಿತ್ತು. ಹಾಗಾಗಿ ತಮ್ಮ ತಂಗಿಯರ ಮಂಡಿಯನ್ನೂ ಇವತ್ತೇ ನೋಡಿ.

7. ಸೊಂಟದ ನೋವನ್ನು ಸಣ್ಣದೆನ್ನಬೇಡಿ

ಸಾಗರದ ಹತ್ತಿರದ ಹಂದಿಗೋಡಿನ ಹೆಸರು ವೈದ್ಯರ ಪುಸ್ತಕಗಳಲ್ಲಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಗುರುತಿಸಿದ ಕಾಯಿಲೆ ಸೊಂಟದ ಕೀಲನ್ನು ಸವೆಸುತ್ತದೆ, ನಡೆ ಓಲಾಡುತ್ತದೆ, ಕೆಲವರಲ್ಲಿ ಎತ್ತರವೇ ಕುಗ್ಗುತ್ತದೆ. ಹೆತ್ತವರಿಂದ ಮಕ್ಕಳಿಗೆ ರಕ್ತದಲ್ಲಿ ಬರುವ ಕಾಯಿಲೆ ಎಂಬುದು ಸಂಶೋಧನೆಯಿಂದ ತಿಳಿದಿದೆ. ಅದು ಅಂಟುವುದಿಲ್ಲ, ಯಾರ ಶಾಪವೂ ಅಲ್ಲ. ಈ ಸೀಮೆಯ ಅಂಥ ಕುಟುಂಬದ ಮಕ್ಕಳಿಗೆ ನನ್ನ ಕಳಕಳಿಯ ಮಾತು: ಓಟದ ಅಭ್ಯಾಸಕ್ಕೆ ಮೊದಲು ಸೊಂಟದ ಎಕ್ಸ್‌ರೇ ತೆಗೆಸಿ. ಕೀಲು ಚೆನ್ನಾಗಿದ್ದರೆ ನಿಶ್ಚಿಂತೆಯಿಂದ ಓಡಿ. ಸವೆತ ಕಂಡರೆ ದಿನವೂ ಗಟ್ಟಿ ನೆಲದಲ್ಲಿ ಓಡಿ ಅದನ್ನು ಹೆಚ್ಚಿಸಿಕೊಳ್ಳುವುದು ಬೇಡ. ಸೇನೆ ಒಂದೇ ಬದುಕಲ್ಲ, ಸೊಂಟ ಮಾತ್ರ ಬದುಕಿಡೀ ಬೇಕು.

8. ಹಸಿರಡಿಕೆ, ಹಣ್ಣಡಿಕೆ ಬೇರೆ ಕಾಣುತ್ತದೆಯೇ?

ಗೊನೆಯಲ್ಲಿ ಹಣ್ಣಾದ ಅಡಿಕೆ ಯಾವುದೆಂದು ಕೆಳಗೆ ನಿಂತು ಹೇಳಲಾಗದ ಹುಡುಗನನ್ನು ‘ಗಮನ ಇಲ್ಲ’ ಎಂದು ಬೈಯುತ್ತೇವೆ. ಕೆಂಪು ಹಸಿರು ಬೇರೆ ಕಾಣದ ಹುಟ್ಟು ವರ್ಣಾಂಧತೆ ಇರಬಹುದು. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಅಜ್ಜನಿಗೋ ಸೋದರಮಾವನಿಗೋ ಇದ್ದರೆ ನೀವೂ ಪರೀಕ್ಷಿಸಿಕೊಳ್ಳಿ. ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಇಶಿಹಾರ ಪುಸ್ತಕ ಕಣ್ಣಿನ ವೈದ್ಯರ ಹತ್ತಿರ ಇರುತ್ತದೆ. ಇದಕ್ಕೆ ಮದ್ದಿಲ್ಲ. ಬಣ್ಣ ಗುರುತಿಸುವ ಮಟ್ಟ ಪ್ರತಿ ಹುದ್ದೆಗೂ ಬೇರೆಬೇರೆ, ಆದ್ದರಿಂದ ನಿಮ್ಮ ಮಟ್ಟ ತಿಳಿದ ಮೇಲೆಯೇ ಅರ್ಜಿ ಹಾಕಿ. ಪುಸ್ತಕದ ಅಂಕಿಗಳನ್ನು ಬಾಯಿಪಾಠ ಮಾಡಿ ಹೋಗಬೇಡಿ. ಸಿಗ್ನಲ್ಲಿನ ಬೆಳಕಿಗೆ ಬಾಯಿಪಾಠ ಒದಗುವುದಿಲ್ಲ.

ಕನ್ನಡಕ ಬಿಡಿಸಲು ಲೇಸರ್ ಮಾಡಿಸುವ ಆತುರವೂ ಬೇಡ. ಅಧಿಕಾರಿ ಹುದ್ದೆಗಳಲ್ಲಿ 20 ತುಂಬುವ ಮೊದಲು ಮಾಡಿಸಿದ್ದನ್ನು ಒಪ್ಪುವುದಿಲ್ಲ, ಮಾಡಿಸಿ 12 ತಿಂಗಳಾದರೂ ಕಳೆದಿರಬೇಕು.

9. ನಾಚಿಕೆಯ ಜಾಗವನ್ನೂ ತೋರಿಸಿ

ಮೆಡಿಕಲ್‌ನಲ್ಲಿ ಬಟ್ಟೆ ಬಿಚ್ಚಿಸಿ ಪೂರ್ತಿ ನೋಡುತ್ತಾರೆ. ಹರ್ನಿಯಾ, ಬೀಜದಲ್ಲಿ ನೀರು ತುಂಬಿದ್ದು, ಬೀಜದ ಮೇಲಿನ ನರ ಗಂಟುಗಂಟಾಗಿ ಊದಿದ್ದು, ಮೂಲವ್ಯಾಧಿ, ಕಾಲಿನ ಉಬ್ಬಿದ ನರ, ಇವೆಲ್ಲ ತಡೆಯುವಂಥವು. ಹಲವಕ್ಕೆ ಆಪರೇಷನ್ ಇದೆ, ಮಾಗಲು ತಿಂಗಳುಗಳು ಬೇಕು. ಅಪ್ಪನಿಗೆ ಹೇಳಲು ನಾಚಿಕೆಯಾದರೆ ನೇರ ಸರ್ಜನ್ ಹತ್ತಿರ ಹೋಗಿ. ತಾಯಂದಿರಿಗೂ ಒಂದು ಮಾತು: ಗಂಡುಕೂಸಿಗೆ ಎಣ್ಣೆ ಹಚ್ಚುವಾಗ ಎರಡೂ ಬೀಜ ಕೆಳಗಿಳಿದಿವೆಯೇ ನೋಡಿ. ಇಳಿಯದಿದ್ದರೆ ಆರು ತಿಂಗಳೊಳಗೆ ವೈದ್ಯರಿಗೆ ತೋರಿಸಿ.

10. ಮರದಿಂದ ಬಿದ್ದವರು ಕಾಗದ ಹುಡುಕಿ

ಕೊನೆ ತೆಗೆಯುವಾಗ, ಬೈಕಿನಲ್ಲಿ, ಕಬಡ್ಡಿಯಲ್ಲಿ ಮುರಿದ ಮೂಳೆಗೆ ಹಾಕಿದ ಪ್ಲೇಟು, ರಾಡು ಮೈಯೊಳಗೇ ಇದ್ದರೆ ಅನ್‌ಫಿಟ್. ತೆಗೆಸಬಹುದೇ, ಯಾವಾಗ, ತೆಗೆಸಿ ಎಷ್ಟು ಕಾಲ ಕಾಯಬೇಕು ಎಂದು ಹಾಕಿದ ವೈದ್ಯರನ್ನೇ ಕೇಳಿ. ಡಿಸ್ಚಾರ್ಜ್ ಕಾರ್ಡು, ಹಳೆಯ ಎಕ್ಸ್‌ರೇ ಹುಡುಕಿಡಿ. ಭುಜದ ಕೀಲು ಪದೇ ಪದೇ ತಪ್ಪುತ್ತಿದ್ದರೆ ಅದನ್ನೂ ಹೇಳಿ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಬೆರಳಿನ ಜೋಪಾನ.

11. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ

ಓಟದ ಅಭ್ಯಾಸ ಹೆಚ್ಚು ನಡೆಯುವುದೂ ಇದೇ ತಿಂಗಳುಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 2019ರ ಹೊತ್ತಿಗೆ ನಮ್ಮ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಇದೇ ಹಿನ್ನೀರಿನ ಸೀಮೆ ಅದು. ಕಾಡಂಚಿನ ದಾರಿಯಲ್ಲಿ, ದರಗಿನ ಮೇಲೆ ಬರಿಗಾಲಲ್ಲಿ ಓಡಬೇಡಿ. ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಸೈನಿಕರ ಬಳಕೆಗೆಂದು ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಮದ್ದು ಇದು. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಕೊಡಿ. ಜ್ವರ, ತಲೆನೋವು, ಮೈಕೈ ಮುರಿತ ಬಂದರೆ ಅಂದೇ ರಕ್ತ ಪರೀಕ್ಷೆ. ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ನಿತ್ರಾಣವಿರುತ್ತದೆ, ಆ ಮೈಯಲ್ಲಿ ರ್ಯಾಲಿಗೆ ಓಡಬೇಡಿ.

ಮಳೆಗಾಲದ ಮಾತು ಬೇರೆ. ಒದ್ದೆ ಒಳಬಟ್ಟೆಯಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಅಂಗಡಿಯ ಮುಲಾಮು ಹಚ್ಚಿ ಅದುಮಿಡದೆ ಚರ್ಮ ವೈದ್ಯರ ಮದ್ದು ಪೂರ್ತಿ ಮುಗಿಸಿ.

12. ಹಚ್ಚೆ ಎಲ್ಲಿದೆ?

ಮುಂಗೈಯ ಒಳಬದಿ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿ. ಶಾಶ್ವತ ಹಚ್ಚೆಗೆ ಒಪ್ಪಿಗೆ ಇಷ್ಟರಲ್ಲೇ. ಬುಡಕಟ್ಟುಗಳ ಸಂಪ್ರದಾಯದ ಹಚ್ಚೆಯನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರೆ. ಜಾತ್ರೆಯಲ್ಲಿ ಎದೆಯ ಮೇಲೋ ಕತ್ತಿನ ಮೇಲೋ ಹೆಸರು ಬರೆಸುವ ಮುನ್ನ ಇದು ನೆನಪಿರಲಿ.

13. ಪುಡಿ, ಇಂಜೆಕ್ಷನ್ ಮುಟ್ಟಬೇಡಿ

ಓಟದ ದಿನ ಉಸಿರು ಹೆಚ್ಚಿಸುತ್ತದೆಂದು ಕೈಗಿಡುವ ಮದ್ದು ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಒತ್ತಡ 140/90ರ ಮೇಲೆಯೇ ನಿಂತರೆ ಮೆಡಿಕಲ್ ಅಲ್ಲಿಗೆ ಮುಗಿಯಿತು. ಉದ್ದೀಪನ ಮದ್ದು ಪತ್ತೆಯಾದರೆ ನೇರ ಹೊರಗೆ. ತೂಕ ಕಡಿಮೆಯಿದ್ದರೆ ಹುರುಳಿ, ಶೇಂಗಾ, ಮೊಟ್ಟೆ, ಹಾಲು, ಹೊಳೆಮೀನು ತಿನ್ನಿ, ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

14. ಮುಚ್ಚಿಡಬೇಡಿ, ಯಾರಿಗೂ ದುಡ್ಡು ಕೊಡಬೇಡಿ

ಮೂರ್ಛೆ, ಆಸ್ತಮಾ, ಸಕ್ಕರೆ ಕಾಯಿಲೆ, ಮನೋರೋಗಕ್ಕೆ ಪಡೆದ ಚಿಕಿತ್ಸೆ. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಚ್ಚಿಟ್ಟು ಒಳಗೆ ಹೋದವರನ್ನು ತರಬೇತಿಯ ನಡುವೆ ಗೊತ್ತಾದರೂ ಕಳಿಸಿಬಿಡುತ್ತಾರೆ. ಸೇನೆ ಇಷ್ಟು ಬಿಗಿ ಏಕೆ ಎನ್ನುವವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಲಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಅವರ ತಂಡದ ಹತ್ತೂ ಜನ ಹೂತುಹೋದರು. ಒಂಬತ್ತು ಮಂದಿ ಅಲ್ಲೇ ತೀರಿಕೊಂಡರು. ಆರನೇ ದಿನ ಜೀವಂತ ಸಿಕ್ಕ ಹನುಮಂತಪ್ಪ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಗಟ್ಟಿ ಮೈಯವರನ್ನೂ ಉಳಿಸದ ಜಾಗ ಅದು. ಅಂಥಲ್ಲಿ ಆಸ್ತಮಾ ಮುಚ್ಚಿಟ್ಟುಕೊಂಡ ಹುಡುಗ ಒಂದು ರಾತ್ರಿ ಕಳೆಯಲಾರ, ಅವನನ್ನು ಹೊತ್ತು ಇಳಿಸುವವರ ಜೀವವೂ ಅವನ ಕೈಯಲ್ಲಿರುತ್ತದೆ.

‘ಮೆಡಿಕಲ್ ಪಾಸು ಮಾಡಿಸುತ್ತೇನೆ’ ಎಂದು ತೋಟದ ಮೇಲೆ ಸಾಲ ತೆಗೆಸುವ ದಲ್ಲಾಳಿಗಳು ಎಲ್ಲ ಕಡೆ ಇದ್ದಾರೆ. ಶಿವಮೊಗ್ಗ ಜಿಲ್ಲೆಯವರ ನೇಮಕಾತಿ ನೋಡಿಕೊಳ್ಳುವುದು ಮಂಗಳೂರಿನ ಸೇನಾ ನೇಮಕಾತಿ ಕಚೇರಿ. ಸಂಶಯವಿದ್ದರೆ ಅಲ್ಲಿಗೇ ಕೇಳಿ. ನೇಮಕಾತಿಗೆ ಲಂಚ ಬೇಕಿಲ್ಲ, ಕೊಟ್ಟವರ ಹಣ ಹಿಂದಿರುಗುವುದೂ ಇಲ್ಲ.

15. ಅನ್‌ಫಿಟ್ ಎಂದ ದಿನ ಊರಿಗೆ ಓಡಿಬರಬೇಡಿ

ಅಳು ಬರುತ್ತದೆ, ಬರಲಿ. ಆದರೆ ಗೇಟು ದಾಟುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಕಾರಣಕ್ಕೆ? ತಾತ್ಕಾಲಿಕವೋ, ಶಾಶ್ವತವೋ? ಮರುಪರೀಕ್ಷೆ ಯಾವ ಸೇನಾ ಆಸ್ಪತ್ರೆಯಲ್ಲಿ, ಯಾವ ತಾರೀಖಿನೊಳಗೆ? ಮರುಪರೀಕ್ಷೆ ನಿಮ್ಮ ಹಕ್ಕು. ರ್ಯಾಲಿಯಲ್ಲಿ ಅದಕ್ಕೆ ಕೊಡುವ ಕಾಲಾವಕಾಶ ದಿನಗಳ ಲೆಕ್ಕದ್ದು. ಎನ್‌ಡಿಎ, ಸಿಡಿಎಸ್ ಮೂಲಕ ಅಧಿಕಾರಿಯಾಗಲು ಹೊರಟವರಿಗೆ ಮೇಲ್ಮನವಿ ಮಂಡಳಿಯ ಮುಂದೆ ಹೋಗಲು 42 ದಿನ. ಆ ದಿನಗಳಲ್ಲಿ ಅದೇ ವಿಭಾಗದ ತಜ್ಞರಿಗೆ ತೋರಿಸಿ, ವಾಸಿಯಾಗುವುದಿದ್ದರೆ ಚಿಕಿತ್ಸೆ ಮಾಡಿಸಿ, ವರದಿ ಹಿಡಿದು ನಿಗದಿತ ದಿನ ಬೆಳಗ್ಗೆಯೇ ಹಾಜರಾಗಿ.

ಹೊರಡುವ ಹಿಂದಿನ ದಿನ ಓಡಬೇಡಿ. ಉಗುರು ಕತ್ತರಿಸಿ, ಮೀಯಿರಿ, ಹೊತ್ತಿಗೆ ಮಲಗಿ. ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡು, ಪ್ರವೇಶಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಸುತ್ತಿಡಿ. ತಾಳಗುಪ್ಪದಿಂದ ರೈಲು ಹತ್ತುವಷ್ಟರಲ್ಲಿ ಯಾವ ತಿಂಗಳಾದರೂ ಒಂದು ಮಳೆ ಬಂದೀತು.